ಆಡು ತಿನ್ನದ ಬಸಳೆ

ನಿಟ್ಟುವಳ್ಳಿ ಆಗಿನ್ನೂ ಪೂರ್ತಿಯಾಗಿ ದಾವಣಗೆರೆ ಆಗಿರಲಿಲ್ಲ. ಕಾಗದದ ಮೇಲೆ ಊರಿನೊಳಗೆ ಸೇರಿತ್ತು, ಅಷ್ಟೆ. ಬೆಳಗ್ಗೆ ಎಚ್ಚರವಾದರೆ ಕಿವಿಗೆ ಬೀಳುತ್ತಿದ್ದದ್ದು ಕೋಳಿ ಕೂಗು, ಬೋರಿಂಗಿನ ಕಿರ್ರೆನ್ನುವ ಸದ್ದು, ಯಾರದೋ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ. ನಮ್ಮ ಓಣಿಯ ಮನೆಗಳೆಲ್ಲ ಮುಂದಿನಿಂದ ನೋಡಿದರೆ ಚಿಕ್ಕವು. ಒಳಗೆ ದಾಟಿ ಹಿಂದೆ ಹೋದರೆ ಮಾತ್ರ ಮನೆಗಿಂತ ದೊಡ್ಡ ಹಿತ್ತಲು. ನೀವೂ ಅಂಥ ಹಿತ್ತಲಿನಲ್ಲಿ ಬೆಳೆದವರಾದರೆ, ಬಿಸಿಲಿಗೆ ಕಾದ ಎರೆಮಣ್ಣಿಗೆ ಸಂಜೆ ನೀರು ಬಿದ್ದಾಗ ಏಳುವ ವಾಸನೆಗೆ ಸಬ್ಬಸಿಗೆ ಸೊಪ್ಪಿನ ಘಮ ಬೆರೆತರೆ ಹೇಗಿರುತ್ತದೆ ಎಂದು ನಾನು ವಿವರಿಸಬೇಕಿಲ್ಲ.

ನಮ್ಮ ಹಿತ್ತಲಿಗೆ ಒಡತಿ ನಮ್ಮ ಅಜ್ಜಿ. ಮಾಯಕೊಂಡದ ಕಡೆಯ ಒಕ್ಕಲು ಮನೆತನದವಳು. ಹೊಲ ಬಿಟ್ಟು ಊರು ಸೇರಿ ಎಷ್ಟೋ ವರ್ಷವಾಗಿದ್ದರೂ ಕೈಗೆ ಮಣ್ಣು ಹತ್ತದೆ ಅವಳಿಗೆ ದಿನ ಹೋಗುತ್ತಿರಲಿಲ್ಲ. ಪುಂಡಿ, ಮೆಂತ್ಯ, ರಾಜಗಿರಿ, ಚವಳಿಕಾಯಿ, ಬದನೆ, ಮೆಣಸಿನ ಗಿಡ, ಮೂಲೆಯಲ್ಲೊಂದು ಕರಿಬೇವು. ಊಟಕ್ಕೆ ಕುಳಿತ ಮೇಲೆ "ಒಂದು ಹಸಿಮೆಣಸಿನಕಾಯಿ ಕಿತ್ಕಂಡು ಬಾ" ಎಂದು ನನ್ನನ್ನು ಓಡಿಸುತ್ತಿದ್ದಳು. ರೊಟ್ಟಿಯ ಬಿಸಿ ಆರುವುದರೊಳಗೆ ನಾನು ಮೆಣಸಿನಕಾಯಿ ಹಿಡಿದು ವಾಪಸ್ಸು ಬಂದಿರಬೇಕು. ಅಪ್ಪ ಲಾರಿ ಡ್ರೈವರು, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದ. ಅವ್ವ ಕಾಲೇಜು ಹುಡುಗರ ಖಾನಾವಳಿಯೊಂದಕ್ಕೆ ರೊಟ್ಟಿ ಬಡಿಯಲು ಹೋಗುತ್ತಿದ್ದಳು. ಬೆಳಗ್ಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ.

ನಮ್ಮ ಹಿತ್ತಲಿಗೂ ಪಕ್ಕದ ಮನೆಯ ಹಿತ್ತಲಿಗೂ ನಡುವೆ ಜಾಲಿಮುಳ್ಳಿನ ಬೇಲಿಯಿತ್ತು. ಅದರಲ್ಲಿ ಒಬ್ಬರು ಬಗ್ಗಿ ಬರುವಷ್ಟು ಕಿಂಡಿ. ಆ ಕಿಂಡಿಯಿಂದ ಬರುತ್ತಿದ್ದವಳು ಹಾಲವ್ವ. ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳು ರತ್ನಮ್ಮನನ್ನು ಆನೆಕೊಂಡಕ್ಕೆ ಕೊಟ್ಟಿದ್ದಳು. ಎರಡು ಆಡು ಸಾಕಿಕೊಂಡು ಅವುಗಳ ಜೊತೆ ಮಾತಾಡುತ್ತ ಇರುತ್ತಿದ್ದಳು. ನನಗೆ ಎರಡು ವರ್ಷವಿದ್ದಾಗ ನಾಯಿಕೆಮ್ಮು ಬಂದಿತ್ತಂತೆ. ಆಗ ಒಂದು ತಿಂಗಳು ದಿನಾ ಬೆಳಗ್ಗೆ ಹಾಲವ್ವ ಆಡಿನ ಹಾಲು ಕರೆದು ತಂದು, ತಾನೇ ಕೂತು ಕುಡಿಸಿ ಹೋಗುತ್ತಿದ್ದಳಂತೆ. ನಾನು ದೊಡ್ಡವಳಾದ ಮೇಲೂ ನನ್ನನ್ನು "ನನ್ನ ಮೂರನೇ ಮರಿ" ಎಂದೇ ಕರೆಯುತ್ತಿದ್ದಳು.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ದೀಪಾವಳಿ ಕಳೆದ ಮೇಲೆ ನಮ್ಮ ಮನೆಯ ಮುಂದಿನ ಎರಡು ಖೋಲಿಗೆ ಬಾಡಿಗೆಗೆ ನಾಗವೇಣಕ್ಕ ಬಂದಳು. ಕುಂದಾಪುರದ ಕಡೆಯವಳು. ಮದುವೆಯಾಗಿ ಆರು ತಿಂಗಳಾಗಿತ್ತು. ಗಂಡ ಶೇಖರಣ್ಣನಿಗೆ ಹರಿಹರದ ಕಾರ್ಖಾನೆಯಲ್ಲಿ ಕೆಲಸ. ಅವರ ಸಾಮಾನು ಇಳಿಸುವಾಗ ನಾನು ಅಲ್ಲೇ ನಿಂತು ನೋಡುತ್ತಿದ್ದೆ. ಟ್ರಂಕು, ಹಾಸಿಗೆ, ಪಾತ್ರೆಯ ಮೂಟೆ ಎಲ್ಲವನ್ನೂ ಶೇಖರಣ್ಣನ ಕೈಗೆ ಕೊಟ್ಟ ನಾಗವೇಣಕ್ಕ, ಒದ್ದೆ ಬಟ್ಟೆ ಸುತ್ತಿದ ಒಂದು ಕಟ್ಟನ್ನು ಮಾತ್ರ ಮಗುವಿನ ಹಾಗೆ ತೋಳಲ್ಲಿಟ್ಟುಕೊಂಡೇ ಇಳಿದಳು. ಬಿಚ್ಚಿದರೆ ಒಳಗೆ ಬೆರಳು ದಪ್ಪದ ನಾಲ್ಕು ಕಡ್ಡಿ.

"ಇದೆಂಥದ್ದಕ್ಕಾ?" ಎಂದೆ.

"ಬಸಳೆ. ನಮ್ಮ ಅಮ್ಮ ನೆಟ್ಟದ್ದು. ಬಾವಿಕಟ್ಟೆ ಹತ್ರ ಇಡೀ ಚಪ್ಪರ ತುಂಬಿದೆ ಮಾರಾಯ್ತಿ. ಅದಕ್ಕೆ ನೀರು ಹಾಕ್ಬೇಕು ಅಂತಲೇ ಇಲ್ಲ, ಕೊಡಪಾನದಿಂದ ಚೆಲ್ಲಿದ್ದೇ ಸಾಕು."

ಅಜ್ಜಿ ಒಂದು ಕಡ್ಡಿ ಕೈಗೆ ತಗೊಂಡು ಉಗುರಿನಿಂದ ಗೀರಿ ನೋಡಿದಳು. "ತಂಗೀ, ಇದು ನೀರಿನ ಜೀವ. ನಮ್ಮದು ಎರೆ. ಬ್ಯಾಸಗಿ ಬಂದ್ರೆ ಕಾಲು ಸಿಗಾಕಿಕೊಳ್ಳೋವಷ್ಟು ಬಿರುಕು ಬಿಡ್ತೈತೆ. ಇಲ್ಲಿ ಇದು ಬಾಳಲ್ಲ ಬಿಡು" ಎಂದಳು.

ನಾಗವೇಣಕ್ಕನ ಮುಖ ಸಣ್ಣದಾಯಿತು. ಆದರೂ ನೆಟ್ಟಳು. ವಾರದಲ್ಲಿ ಎರಡು ಕಡ್ಡಿ ಒಣಗಿದವು, ಒಂದು ಕೊಳೆಯಿತು. ಉಳಿದ ಒಂದನ್ನು ಅವಳು ಹೊತ್ತಿಗೊಮ್ಮೆ ಹೋಗಿ ನೋಡುವುದನ್ನು ಕಂಡು ಅಜ್ಜಿಗೆ ತಡೆಯಲಾಗಲಿಲ್ಲ. "ಹಂಗಲ್ಲ, ತಾ ಇಲ್ಲಿ" ಎಂದು ಸೆರಗು ಸಿಕ್ಕಿಸಿ ತಾನೇ ಗುದ್ದಲಿ ಹಿಡಿದಳು. ಮೊಳದಾಳದ ಗುಂಡಿ ತೋಡಿ, ತಳಕ್ಕೆ ತೆಂಗಿನ ಸಿಪ್ಪೆ ಹಾಸಿದಳು. "ಇದು ನೀರು ಹಿಡ್ಕಂತೈತೆ. ಆದ್ರ ಮೇಲಿನ ಮಣ್ಣು ಸಡ್ಲ ಆಗಬೇಕು. ಹೊಳಿ ಮರಳು ಬೇಕು. ನಿನ್ನ ಗಂಡ ದಿನಾ ಹರಿಹರಕ್ಕ ಹೋಗ್ತಾನಲ್ಲ?"

ಮರುದಿನದಿಂದ ಶೇಖರಣ್ಣ ಊಟದ ಡಬ್ಬಿಯ ಜೊತೆ ಒಂದು ರೆಕ್ಸಿನ್ ಚೀಲ ಒಯ್ಯತೊಡಗಿದ. ಕೆಲಸ ಬಿಟ್ಟ ಮೇಲೆ ತುಂಗಭದ್ರೆಗೆ ಇಳಿದು ಚೀಲದ ತುಂಬ ಮರಳು ತುಂಬಿಕೊಂಡು ಬಸ್ಸು ಹತ್ತುತ್ತಿದ್ದ. ನಾಲ್ಕನೇ ದಿನ ಕಂಡಕ್ಟರು "ಏನ್ರೀ, ಇಡೀ ಹೊಳೀನ ದಾವಣಗೆರಿಗೆ ಸಾಗಸ್ತೀರೇನು?" ಎಂದು ಕೇಳಿದನಂತೆ. ಅದನ್ನು ಹೇಳಿ ಶೇಖರಣ್ಣ ನಾಚಿದ, ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮರಳು, ಎರೆ, ಹಳೆಯ ಸಗಣಿ ಗೊಬ್ಬರ ಬೆರೆಸಿ ಗುಂಡಿ ಮುಚ್ಚಿ, ಬುಡಕ್ಕೆ ಶೇಂಗಾ ಸಿಪ್ಪೆ ಹರಡಿ, ಪಡುವಣ ಬಿಸಿಲಿಗೆ ಅಡ್ಡವಾಗಿ ಜೋಳದ ದಂಟಿನ ತಟ್ಟಿ ಕಟ್ಟಿದ ಮೇಲೆ ಆ ಒಂದು ಕಡ್ಡಿ ಕಣ್ಣೊಡೆಯಿತು.

ಸಂಕ್ರಾಂತಿ ಹೊತ್ತಿಗೆ ಬಳ್ಳಿ ನನ್ನ ಎತ್ತರವಾಯಿತು, ಶಿವರಾತ್ರಿಗೆ ಚಪ್ಪರ ಹತ್ತಿತು. ಎಲೆ ಅಂದರೆ ನನ್ನ ಅಂಗೈಗಿಂತ ಅಗಲ, ಮುಟ್ಟಿದರೆ ತಣ್ಣಗೆ, ಒತ್ತಿದರೆ ಚಟ್ಟನೆ ಮುರಿಯುವಂಥದ್ದು. ನಾಗವೇಣಕ್ಕ ಮೊದಲ ಸಲ ದಂಟು ಕೊಯ್ದು, ಕಾಯಿ ಅರೆದು ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಸಾರು ಮಾಡಿ ತಂದಳು. ನಾನು ಒಂದು ತುತ್ತು ತಿಂದು "ಲೋಳೆ!" ಎಂದು ಮುಖ ಕಿವುಚಿದೆ. ಅಜ್ಜಿ ನನ್ನ ತಲೆಗೊಂದು ಮೊಟಕಿ, ರೊಟ್ಟಿಯನ್ನು ಅದರಲ್ಲೇ ಅದ್ದಿ ಅದ್ದಿ ತಿಂದಳು. ಮುಂದಿನ ವಾರ ಅಜ್ಜಿ ಅದೇ ಸೊಪ್ಪಿಗೆ ತೊಗರಿಬೇಳೆ, ಹಸಿಮೆಣಸಿನಕಾಯಿ ಹಾಕಿ ನಮ್ಮ ಕಡೆಯ ಪಲ್ಯೆ ಮಾಡಿದಳು. ಹಾಲವ್ವನಿಗೂ ಒಂದು ಬಟ್ಟಲು ಹೋಯಿತು. ಹಾಲವ್ವ ಬಟ್ಟಲು ತೊಳೆದು ವಾಪಸ್ಸು ಕೊಡುವಾಗ "ನಾಗವೇಣಿ, ನಿನ್ನ ಬಳ್ಳಿ ಕಡೆ ನನ್ನ ಆಡು ಮೂಸಿ ನೋಡ್ತಾವು ಕಣವ್ವ. ಅದಕ್ಕ ಮೇಯ್ಸಾಕ ಹೋಗೋ ಹೊತ್ತು ಬಿಟ್ಟು ಬಿಚ್ಚೋದೇ ಇಲ್ಲ" ಎಂದಿದ್ದಳು. ಆ ಮಾತು ನನಗೆ ಹೇಗೋ ನೆನಪಿನಲ್ಲಿ ಉಳಿಯಿತು. ಉಳಿಯದೇ ಹೋಗಿದ್ದರೆ ಚೆನ್ನಾಗಿತ್ತು.

ಏಪ್ರಿಲ್‌ ಕೊನೆಗೆ ಮಾಯಕೊಂಡದಲ್ಲಿ ಅತ್ತೆಯ ಬಾಣಂತನವೆಂದು ಅಜ್ಜಿ ಹೋದಳು. ಅವಳು ಹೋಗಿ ಎರಡೇ ದಿನಕ್ಕೆ ನಾಗವೇಣಕ್ಕನ ಊರಿನಿಂದ ಅವಳ ಅಮ್ಮನಿಗೆ ಹುಷಾರಿಲ್ಲವೆಂದು ಸುದ್ದಿ ಬಂತು. ಅವಳು ಬಟ್ಟೆ ಕಟ್ಟಿಕೊಳ್ಳುತ್ತಲೇ ನನ್ನನ್ನು ಕರೆದಳು. ಅಡುಗೆಗೆ ತೊಂದರೆಯೆಂದು ಶೇಖರಣ್ಣ ಅಷ್ಟು ದಿನ ಹರಿಹರದಲ್ಲೇ ಗೆಳೆಯನ ರೂಮಿನಲ್ಲಿ ಇರುವುದೆಂದು ಆಗಿತ್ತು.

"ಗಿರಿಜಾ, ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ. ಎಲೆ ಮೇಲೆ ಬೇಡ, ಬುಡಕ್ಕೆ. ಮಾಡ್ತಿಯಾ?"

"ಹೂಂ ಅಕ್ಕ."

"ನಿಂಗೆ ಸಮುದ್ರದ ಚಿಪ್ಪು ತರ್ತೆ. ಮರೀಬೇಡ. ನೀನಿದ್ದಿ ಅಂತ ಧೈರ್ಯ ನಂಗೆ."

ಹತ್ತು ವರ್ಷದ ಹುಡುಗಿಗೆ ಹಾಗೆ ಯಾರೂ ಹೇಳಿರಲಿಲ್ಲ. ಮೊದಲ ವಾರ ನಾನು ರಾಣಿಯಂತೆ ನೀರು ಹೊತ್ತೆ. ಆದರೆ ಆ ಬೇಸಿಗೆಯಲ್ಲಿ ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬರತೊಡಗಿತು. ಓಣಿಯ ತುದಿಯ ಬೋರಿಂಗಿನಿಂದ ಹೊತ್ತು ತರಬೇಕು. ಅಲ್ಲಿ ಸಾಲಿಟ್ಟ ಕೊಡಗಳ ಹಿಂದೆ ನಮ್ಮ ಕೊಡ ಇಟ್ಟು ಕಾಯಬೇಕು. ಆಚೆ ಬೇವಿನ ಮರದ ಕೆಳಗೆ ಗೆಳತಿಯರು ಕುಂಟಬಿಲ್ಲೆ ಆಡುತ್ತಿದ್ದರು. ಎರಡು ಕೊಡ ಒಂದಾಯಿತು. ಆಮೇಲೆ ಒಂದು ದಿನ ಬಿಟ್ಟು ಒಂದು ದಿನ. ಬಳ್ಳಿಯ ತುದಿ ಮಧ್ಯಾಹ್ನ ಜೋತು ಬೀಳುತ್ತಿತ್ತು, ಬೆಳಗಿನ ತಂಪಿಗೆ ಮತ್ತೆ ತಲೆ ಎತ್ತುತ್ತಿತ್ತು. ಎತ್ತುತ್ತದಲ್ಲ, ಇನ್ನೇನು ಎಂದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಹರಿಹರದಿಂದ ಚಿಕ್ಕಮ್ಮ ಬಂದು, "ರಜಾ ಐತೆ, ಎರಡು ದಿನ ಬಾ" ಎಂದು ಕರೆದಳು. ನಾನು ಚೀಲ ಹಿಡಿದು ಹೊರಟೆ. ಬಾಗಿಲಲ್ಲಿ ಅವ್ವ ಕೇಳಿದಳು.

"ನಾಗವೇಣಿ ಗಿಡಕ್ಕ ನೀರು?"

"ಕಮಲಂಗ ಹೇಳೀನವ್ವ, ಅಕಿ ಹಾಕ್ತಾಳ."

ಕಮಲ ನನ್ನ ಜೊತೆ ಕುಂಟಬಿಲ್ಲೆ ಆಡುವವಳು, ಅವಳಿಗೆ ನಾನು ಏನೂ ಹೇಳಿರಲಿಲ್ಲ. ಎರಡೇ ದಿನವಲ್ಲ ಎಂದುಕೊಂಡಿದ್ದೆ. ಬಸಳೆ ಇದ್ದದ್ದು ಬಚ್ಚಲ ನೀರು ಹರಿಯುವ ಅಜ್ಜಿಯ ಮಡಿಗಳಿಂದ ದೂರ, ಹಿತ್ತಲಿನ ಕೊನೆಯ ಮೂಲೆಯಲ್ಲಿ. ದಿನವಿಡೀ ಬೆಂಕಿಯ ಮುಂದೆ ಕೂತು ಬಂದ ಅವ್ವನಿಗೆ ಅಲ್ಲಿಗೆ ಹೋಗಿ ನೋಡುವ ಶಕ್ತಿ ಉಳಿದಿರುತ್ತಿರಲಿಲ್ಲ.

ಹರಿಹರದಲ್ಲಿ ಹೊಳೆ ಬೇಸಿಗೆಗೆ ಸೊರಗಿ ಆಚೆ ದಡಕ್ಕೆ ಸರಿದಿತ್ತು. ಈಚೆಗೆ ಬರೀ ಮರಳು. ಆ ಮರಳಿನಲ್ಲಿ ಒಬ್ಬ ಮುದುಕಪ್ಪ ಸಾಲಾಗಿ ಗುಂಡಿ ತೋಡಿ ಸೌತೆ, ಕರಬೂಜದ ಬಳ್ಳಿ ಹಬ್ಬಿಸಿದ್ದ. ನಾವು ಮಕ್ಕಳು ಬೆಳಗ್ಗೆಯೇ ಹೋಗಿ ಮೊಳಕಾಲುದ್ದದ ನೀರಿನಲ್ಲಿ ಬಿದ್ದು ಹೊರಳಾಡಿ, ಹಸಿದಾಗ ಆತನ ಮುಂದೆ ನಿಲ್ಲುತ್ತಿದ್ದೆವು. ಎಳೆ ಸೌತೆ ಸೀಳಿ ಉಪ್ಪು ಖಾರ ಹಚ್ಚಿ ಕೊಡುತ್ತಿದ್ದ. ನಾಲಿಗೆ ಚುರುಗುಟ್ಟಿ, ಕಣ್ಣಲ್ಲಿ ನೀರು ಬಂದು, ಮತ್ತೊಂದಕ್ಕೆ ಕೈ ಚಾಚುತ್ತಿದ್ದೆವು. ಎರಡು ದಿನ ನಾಲ್ಕಾಯಿತು, ನಾಲ್ಕು ಎಂಟಾಯಿತು.

ಒಂದು ಬೆಳಗ್ಗೆ ಆ ಮುದುಕಪ್ಪ ಹೊಳೆಯಿಂದ ತಂಬಿಗೆಯಲ್ಲಿ ನೀರು ತಂದು ಒಂದೊಂದೇ ಗುಂಡಿಗೆ ಹೊಯ್ಯುತ್ತಿದ್ದ. "ದಿನಾ ಹಾಕ್ಬೇಕೇನಜ್ಜ?" ಎಂದು ಕೇಳಿದೆ.

"ದಿನಾ ಹಾಕ್ಬೇಕವ್ವ. ಮರಳು ಸುಡ್ತೈತೆ, ಎರಡು ದಿನ ಬಿಟ್ರ ಬಳ್ಳಿ ಬಾಡಿ ನೆಲ ಹಿಡೀತೈತೆ."

ನನಗೆ ಬಸಳೆ ನೆನಪಾಗಲಿಲ್ಲ ಎಂದು ಹೇಳಿಕೊಳ್ಳುವ ಹಾಗಿಲ್ಲ, ಆವತ್ತು ಚೆನ್ನಾಗಿಯೇ ನೆನಪಾಯಿತು. ಚಿಕ್ಕಮ್ಮನಿಗೆ ಹೇಳಿದ್ದರೆ ಅವತ್ತೇ ಬಸ್ಸು ಹತ್ತಿಸುತ್ತಿದ್ದಳು. ನಾಳೆ ಹೋಗೋಣ ಎಂದುಕೊಂಡು ನೀರಿಗೆ ಓಡಿದೆ. ನಾನು ಮನೆಗೆ ಬಂದದ್ದು ಅದಾಗಿ ನಾಲ್ಕು ದಿನಕ್ಕೆ.

ಬಂದವಳೇ ಹಿತ್ತಲಿಗೆ ಹೋದೆ. ಚಪ್ಪರದ ಮೇಲೆ ಕಂದುಬಣ್ಣದ ಹುರಿ ಜೋತು ಬಿದ್ದ ಹಾಗೆ ಬಳ್ಳಿ ಒಣಗಿತ್ತು. ಎಲೆ ಒಂದೂ ಇರಲಿಲ್ಲ, ಉದುರಿದ್ದವು ಹಪ್ಪಳದ ಹಾಗೆ ಕಾಲ ಕೆಳಗೆ ಮುರಿದವು. ಬುಡದ ಸುತ್ತ ಮಣ್ಣು ಬಾಯಿ ಬಿಟ್ಟಿತ್ತು. ಕೊಡದಲ್ಲಿದ್ದ ನೀರನ್ನೆಲ್ಲ ತಂದು ಸುರಿದೆ. ಬಿರುಕು ಗಟಗಟನೆ ಕುಡಿದು ಸುಮ್ಮನಾಯಿತು. ನಾಗವೇಣಕ್ಕ ನಾಡಿದ್ದು ಬರುತ್ತಾಳೆಂದು ಅವ್ವ ಹೇಳಿದ್ದಳು.

ಮರುದಿನ ಅವ್ವ ಖಾನಾವಳಿಗೆ ಹೋದ ಮೇಲೆ ನಾನು ಮಾಡಿದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಬಳ್ಳಿಯನ್ನು ಚಪ್ಪರದಿಂದ ಎಳೆದು ಹಾಕಿದೆ. ಬುಡವನ್ನು ಎರಡೂ ಕೈಯಲ್ಲಿ ಹಿಡಿದು ಕಿತ್ತೆ. ಬೇರು ಸಮೇತ ಬಂತು, ಬರುವಾಗ ಬುಡದ ದಂಟು ನಡುವೆ ಮುರಿಯಿತು. ಮುರಿದ ಕಡೆ ನೋಡಿದೆ. ಒಳಗೆ ಹಸಿರಿತ್ತು. ಒದ್ದೆಯಾಗಿ, ಲೋಳೆಲೋಳೆಯಾಗಿ ಬೆರಳಿಗೆ ಅಂಟಿತು. ಅದು ಇನ್ನೂ ಸತ್ತಿರಲಿಲ್ಲ.

ಅಲ್ಲೇ ಮತ್ತೆ ಹೂಳಬಹುದಿತ್ತು. ಆದರೆ ಹೂಳಿದರೆ, ನಾನು ನೀರು ಹಾಕದೆ ಒಣಗಿಸಿದ್ದು ಎಲ್ಲರಿಗೂ ಕಾಣುತ್ತಿತ್ತು. ನಾನು ಎಲ್ಲವನ್ನೂ ಬಾಚಿ ತಗೊಂಡು ಹೋಗಿ ಬಚ್ಚಲ ಒಲೆಗೆ ತುರುಕಿ ಕಡ್ಡಿ ಗೀರಿದೆ. ಒಣ ಹುರಿ ಭಗ್ಗನೆ ಉರಿಯಿತು. ಬುಡ ಮಾತ್ರ ಉರಿಯದೆ ಹೊಗೆಯಾಡುತ್ತ ಚುಸ್‌ ಚುಸ್‌ ಎನ್ನುತ್ತಿತ್ತು. ಕೆಮ್ಮುತ್ತ, ಊದುಗೊಳವೆಯಲ್ಲಿ ಊದಿ ಊದಿ ಅದನ್ನೂ ಸುಟ್ಟೆ. ಆಮೇಲೆ ಓಣಿಗೆ ಹೋಗಿ ಒಂದು ಹಿಡಿ ಆಡಿನ ಹಿಕ್ಕೆ ಆಯ್ದು ತಂದು ಗುಂಡಿಯ ಸುತ್ತ ಚೆಲ್ಲಿದೆ. ಬೇಲಿಯ ಕಿಂಡಿಯ ಎರಡು ಮುಳ್ಳು ಸರಿಸಿದೆ. ಅಷ್ಟೆಲ್ಲ ಬುದ್ಧಿ ಆ ವಯಸ್ಸಿಗೆ ನನಗೆ ಎಲ್ಲಿಂದ ಬಂತೋ ಇವತ್ತಿಗೂ ತಿಳಿಯದು.

ಹೇಳಿದ ದಿನಕ್ಕೆ ಸಂಜೆ ನಾಗವೇಣಕ್ಕ ಬಂದಳು. ಶೇಖರಣ್ಣ ಜೊತೆಗಿದ್ದ. ಅವಳ ಅಮ್ಮ ತೀರಿಕೊಂಡು ಆಗಲೇ ಹದಿಮೂರು ದಿನ ಕಳೆದಿತ್ತು. ನಮಗೆ ಬರುವ ದಿನ ಮಾತ್ರ ಹೇಳಿ ಕಳಿಸಿದ್ದರು, ಸಾವಿನ ಸುದ್ದಿ ಬಂದಿರಲಿಲ್ಲ. ಅವಳು ಕೈಯಲ್ಲಿದ್ದ ಚೀಲವನ್ನೂ ಇಳಿಸದೆ ಹಿತ್ತಲಿಗೆ ನಡೆದಳು. ನಾನು ಹಿಂದೆ ಹೋದೆ, ಅವ್ವನೂ ಬಂದಳು. ಖಾಲಿ ಚಪ್ಪರದ ಕೆಳಗೆ ಅವಳು ನಿಂತೇ ಇದ್ದಳು.

"ಆಡು ತಿಂದ್ವು ಅಕ್ಕ," ಎಂದೆ. "ನಿನ್ನೆ ನಾನು ನೋಡೋದ್ರಾಗ ಎಲ್ಲಾ ತಿಂದು ಬೇರು ಸಹಿತ ಎಳೆದು ಹಾಕಿದ್ವು."

ನಾಗವೇಣಕ್ಕ ಬೈಯಲಿಲ್ಲ. ಗುಂಡಿಯ ಪಕ್ಕ ಕುಕ್ಕರಿಸಿ ಕುಳಿತಳು. "ಅಮ್ಮ ಮಲಗಿದ ಮೇಲೆ ಅಲ್ಲಿದ್ದದ್ದಕ್ಕೂ ಯಾರೂ ನೀರು ಹಾಕ್ಲಿಲ್ಲ ಅಕ್ಕ," ಎಂದು ಅವ್ವನಿಗೆ ಹೇಳಿದಳು. "ಹೆಣ ಇಳಿಸ್ಲಿಕ್ಕೆ ಜಾಗ ಬೇಕು ಅಂತ ಚಪ್ಪರ ಬೇರೆ ಕಿತ್ತು ಹಾಕಿದ್ರು. ಹೋದ್ರೆ ಹೋಗ್ಲಿ, ದಾವಣಗೆರೆಯಲ್ಲಿ ಒಂದು ಇದೆಯಲ್ಲ ಅಂದ್ಕೊಂಡೆ." ಆಮೇಲೆ ಅಳತೊಡಗಿದಳು. ಅಮ್ಮ ಸತ್ತಾಗ ಅತ್ತಿರಲಿಲ್ಲವೇನೋ, ಅಷ್ಟು ಜೋರಾಗಿ ಅತ್ತಳು. ಶೇಖರಣ್ಣ ಏನು ಮಾಡಬೇಕೆಂದು ತೋಚದೆ ಅವಳ ಚೀಲ ಹಿಡಿದು ನಿಂತಿದ್ದ.

ಅವ್ವನಿಗೆ ಅದನ್ನು ನೋಡಲಾಗಲಿಲ್ಲ. ಸೀದಾ ಬೇಲಿಯ ಹತ್ತಿರ ಹೋಗಿ ಹಾಲವ್ವನನ್ನು ಕೂಗಿದಳು. ಅಷ್ಟು ವರ್ಷ "ಬರ್ರಿ, ಕೂಡ್ರಿ" ಎಂದು ಮಾತಾಡಿಸುತ್ತಿದ್ದವಳು ಆವತ್ತು ಏಕವಚನಕ್ಕೆ ಇಳಿದಳು.

"ನಿನ್ನ ಆಡು ಕಟ್ಟಿ ಹಾಕಾಕ ಆಗಲ್ಲೇನು? ತಾಯಿ ಕಳಕಂಡು ಬಂದ ಹುಡುಗಿ ಹೊಟ್ಟಿ ಉರಿಸಿದ್ಯಲ್ಲ!"

ಹಾಲವ್ವನಿಗೆ ಮೊದಲು ಅರ್ಥವೇ ಆಗಲಿಲ್ಲ. ಆದ ಮೇಲೆ "ಇಲ್ಲ ಶಾಂತಾ, ನಾ ಬಿಚ್ಚಿಲ್ಲ. ಆಣಿ ಮಾಡ್ತೀನಿ" ಎಂದಳು.

"ಹಿಕ್ಕಿ ಬಿದ್ದಾವಿಲ್ಲಿ! ನನ್ನ ಮಗಳು ಕಣ್ಣಾರೆ ನೋಡ್ಯಾಳ. ಸುಳ್ಳು ಹೇಳಬ್ಯಾಡ. ಕದ್ದು ಮೇಯ್ಸಿ ಬದುಕೋರ ಮಾತು ಯಾರು ನಂಬ್ತಾರ?"

ಹಾಲವ್ವ ಆಗ ಅವ್ವನನ್ನು ಬಿಟ್ಟು ನನ್ನ ಕಡೆ ನೋಡಿದಳು. "ನೀ ನೋಡಿದ್ಯೇನೇ ಮರಿ?"

ಓಣಿಯ ನಾಲ್ಕಾರು ಹೆಂಗಸರು ಅಷ್ಟರಲ್ಲಿ ಬಂದು ನಿಂತಿದ್ದರು. ನಾನು ತಲೆಯಾಡಿಸಿದೆ. ಹೌದು ಎಂದು.

ಹಾಲವ್ವ ಆ ಸಂಜೆಯೇ ಒಳಗಿನಿಂದ ಮುಳ್ಳು ತಂದು ಕಿಂಡಿಯನ್ನು ಮುಚ್ಚಿದಳು.

ವಾರ ಬಿಟ್ಟು ಅಜ್ಜಿ ಮಾಯಕೊಂಡದಿಂದ ಬಂದಳು. ಕತೆಯೆಲ್ಲ ಕೇಳಿ ಹಿತ್ತಲಿಗೆ ಹೋಗಿ ಗುಂಡಿಯನ್ನು ಬೆರಳಿನಿಂದ ಕೆದಕಿ ನೋಡಿದಳು. "ಆಡು ಎಲಿ ತಿಂತೈತೆ, ಕುಡಿ ತಿಂತೈತೆ. ಬುಡ ಯಾಕ ಕೀಳ್ತೈತೆ? ಬುಡ ಉಳಿದಿದ್ರ ಹತ್ತು ದಿನದಾಗ ಚಿಗುರ್ತಿತ್ತು" ಎಂದು ನನ್ನನ್ನು ಹತ್ತಿರ ಕೂರಿಸಿಕೊಂಡಳು. "ನಿಜ ಹೇಳು ಗಿರಿಜಾ. ನಾ ಬೈಯಲ್ಲ."

ಬೈಯುತ್ತಿರಲಿಲ್ಲ ಎಂದು ನನಗೂ ಗೊತ್ತಿತ್ತು. ಆದರೆ ಎಂದೂ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ. ಆ ನೋಟಕ್ಕೇ ಹೆದರಿ, "ದೇವರಾಣೆ ಅಜ್ಜಿ, ಆಡೇ ತಿಂದದ್ದು" ಎಂದುಬಿಟ್ಟೆ.

ಅಜ್ಜಿ ನಂಬಿದಳು. ಆಮೇಲೆ ತಾನಾಗಿಯೇ ಸಮಾಧಾನ ಮಾಡಲು ಹೊರಟಳು. ಒಂದು ಪುಟ್ಟಿಯಲ್ಲಿ ಬದನೆಕಾಯಿ, ಪುಂಡಿ, ಮೆಣಸಿನಕಾಯಿ ತುಂಬಿಕೊಂಡು, ನನ್ನನ್ನೂ ಕೈಹಿಡಿದು ಕರೆದುಕೊಂಡು, ಕಿಂಡಿ ಮುಚ್ಚಿದ್ದರಿಂದ ಮುಂಬಾಗಿಲಿನಿಂದ ಸುತ್ತಿ ಹಾಲವ್ವನ ಮನೆಗೆ ಹೋದಳು. "ಆದದ್ದಾತು ಹಾಲವ್ವ. ಮೂಕ ಪ್ರಾಣಿ, ತಿಂದಾವು. ನಾವು ಮನಸ್ನಾಗ ಇಟ್ಕಂಡಿಲ್ಲ, ನೀನೂ ಬಿಟ್ಬಿಡು" ಎಂದು ಪುಟ್ಟಿ ಮುಂದಿಟ್ಟಳು.

ಹಾಲವ್ವ ಪುಟ್ಟಿಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದಳು. "ಮಾಡಿದ್ರ ತಗಂತಿದ್ದೆ ಅಕ್ಕ. ಮಾಡದ ತಪ್ಪಿಗೆ ಮಾಫಿ ಬ್ಯಾಡ ನನಗ."

ನಾನು ಅಜ್ಜಿಯ ಸೀರೆಯ ಹಿಂದೆ ನಿಂತಿದ್ದೆ. ಹಾಲವ್ವ ನನ್ನ ಕಡೆ ನೋಡಲೇ ಇಲ್ಲ.

ಆಮೇಲೆ ಓಣಿಯಲ್ಲಿ ಯಾರ ಗಿಡ ಮುರಿದರೂ, ಯಾರ ಕಾಳು ಚೆಲ್ಲಿದರೂ ಹಾಲವ್ವನ ಆಡಿನ ಹೆಸರು ಬರತೊಡಗಿತು. ಮೊದಲ ಮಳೆ ಬೀಳುವ ಮುಂಚೆಯೇ ಅವಳು ಎರಡೂ ಆಡುಗಳನ್ನು ಮಾರಿ, ಮನೆಗೆ ಬೀಗ ಹಾಕಿ, ಆನೆಕೊಂಡದಲ್ಲಿ ಮಗಳ ಮನೆ ಸೇರಿದಳು. ಹೋಗುವಾಗ ಓಣಿಯ ಎಲ್ಲರಿಗೂ ಹೇಳಿ ಹೋದಳು. ನಮ್ಮ ಮನೆಯ ಮುಂದೆ ಮಾತ್ರ ನಿಲ್ಲಲಿಲ್ಲ.

ನಾಗವೇಣಕ್ಕನಿಗೂ ಆ ಹಿತ್ತಲಿನ ಮೇಲೆ ಮನಸ್ಸು ಉಳಿಯಲಿಲ್ಲ. ಶೇಖರಣ್ಣ ಹರಿಹರದಲ್ಲೇ ಮನೆ ಹಿಡಿದ. ಹೊರಡುವ ದಿನ ಅವಳು ನನ್ನನ್ನು ಕರೆದು ಕರ್ಚೀಫಿನಲ್ಲಿ ಕಟ್ಟಿದ ಒಂದು ಹಿಡಿ ಸಮುದ್ರದ ಚಿಪ್ಪು ಕೊಟ್ಟಳು. ತಾಯಿ ಸತ್ತ ಮನೆಯಿಂದ ಬರುವಾಗಲೂ ಅವಳು ಅದನ್ನು ಮರೆತಿರಲಿಲ್ಲ. "ಪಾಪ, ಎಷ್ಟು ನೀರು ಹೊತ್ತೆ ನೀನು" ಎಂದು ನನ್ನ ಕೆನ್ನೆ ಸವರಿದಳು. ಆ ಚಿಪ್ಪುಗಳನ್ನು ಇಟ್ಟುಕೊಳ್ಳಲೂ ಆಗಲಿಲ್ಲ, ಎಸೆಯಲೂ ಆಗಲಿಲ್ಲ. ಕೊನೆಗೆ ಶಾಲೆಯಲ್ಲಿ ಕಮಲಳಿಗೆ ಕೊಟ್ಟುಬಿಟ್ಟೆ. ಆ ಗಂಡ ಹೆಂಡತಿ ಆಮೇಲೆ ಯಾವ ಊರಿಗೆ ಹೋದರೋ ತಿಳಿಯಲಿಲ್ಲ.

ಅಜ್ಜಿ ನನ್ನ ಆಣೆಯನ್ನು ನಂಬಿಕೊಂಡೇ ಕಣ್ಣುಮುಚ್ಚಿದಳು. ನಾನು ಓದಿ, ಟೀಚರಾಗಿ, ಮದುವೆಯಾಗಿ ಇದೇ ದಾವಣಗೆರೆಯಲ್ಲಿ ಉಳಿದೆ. ಅವ್ವ ನನ್ನ ಜೊತೆಗೇ ಇದ್ದಾಳೆ. ನಮ್ಮ ಮನೆಗೆ ಹಿತ್ತಲಿಲ್ಲ, ತಾರಸಿಯ ಮೇಲೆ ಚೀಲಗಳಲ್ಲಿ ಒಂದಿಷ್ಟು ಗಿಡ ಬೆಳೆಸಿದ್ದೇನೆ. ಈ ಬೇಸಿಗೆಯಲ್ಲಿ ನಾನು ನಾಲ್ಕು ದಿನ ಊರಲ್ಲಿಲ್ಲದಾಗ ನೀರು ಹಾಕುವುದನ್ನು ನನ್ನ ಮಗಳು ಮರೆತಳು. ಮೆಂತ್ಯ ಒಣಗಿತ್ತು. ನಾನು ಬಂದಾಗ ಅವ್ವ ಮೊಮ್ಮಗಳಿಗೆ ಬುದ್ಧಿ ಹೇಳುತ್ತಿದ್ದಳು. "ನಿಮ್ಮಮ್ಮ ನಿನಗಿಂತ ಸಣ್ಣಾಕಿ ಇದ್ಲು. ಆ ಬ್ಯಾಸಗಿಯಾಗ ಬೋರಿಂಗ್‌ನಿಂದ ನೀರು ಹೊತ್ತು ಮಂದಿ ಗಿಡ ಉಳಿಸಿದ್ಲು. ಆ ಹಾಲವ್ವನ ಆಡು ಹಾಳು ಮಾಡಿದ್ವು, ಇಲ್ಲಾಂದ್ರ..."

"ಆಡು ತಿನ್ಲಿಲ್ಲ ಅವ್ವ," ಎಂದೆ. ಹೇಳಬೇಕೆಂದು ಬಂದದ್ದಲ್ಲ, ಬಾಯಿಂದ ಬಿತ್ತು. ಆಮೇಲೆ ಮಗಳ ಮುಂದೆಯೇ ಎಲ್ಲವನ್ನೂ ಹೇಳಿದೆ.

ನನ್ನ ಭಾರ ಇಳಿಯುತ್ತದೆಂದು ಅಂದುಕೊಂಡಿದ್ದೆ. ಆದದ್ದು ಬೇರೆ. ಅವ್ವ ನನ್ನನ್ನು ಬೈಯಲಿಲ್ಲ. "ಕದ್ದು ಮೇಯ್ಸಿ ಬದುಕೋರು ಅಂದೆ ನಾನು ಅಕಿಗೆ" ಎಂದಳು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಬೆಳಗ್ಗೆ ಒಗೆದ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. "ಆನೆಕೊಂಡಕ್ಕ ನಡಿ."

ಹಾಲವ್ವ ಸತ್ತು ಬಹಳ ವರ್ಷವಾಗಿತ್ತು, ಅದು ಇಬ್ಬರಿಗೂ ಗೊತ್ತಿತ್ತು. ಮನೆ ಹುಡುಕಿಕೊಂಡು ಹೋದರೆ ರತ್ನಮ್ಮ ಬಾಗಿಲಲ್ಲೇ ಗುರುತು ಹಿಡಿದು "ಬರ್ರಿ ಶಾಂತಕ್ಕ, ಕೂಡ್ರಿ" ಎಂದಳು. ಅವಳ ತಲೆಯೂ ನೆರೆತಿತ್ತು. ಅವ್ವ ಕೂರಲಿಲ್ಲ. ನಿಂತುಕೊಂಡೇ ಹೇಳಿದಳು. ನಾನು ಮಾಡಿದ್ದನ್ನು ನಾನು ಹೇಳಿದೆ.

ರತ್ನಮ್ಮ ಕೇಳಿಸಿಕೊಂಡು, ನಮಗೆಂದು ತಂದಿದ್ದ ನೀರಿನ ಲೋಟವನ್ನು ಕೆಳಗಿಟ್ಟಳು. "ಅದಕ್ಕೇ ಏನು ಹಂಗಾರ..." ಎಂದಳು. "ನಿಟ್ಟುವಳ್ಳಿ ಸುದ್ದಿ ತೆಗೆದ್ರ ಅವ್ವ ಎದ್ದು ಒಳಗ ಹೋಗಿಬಿಡ್ತಿದ್ಲು. ಆಡು ಯಾಕ ಮಾರಿದಿ, ಮನಿ ಯಾ‌ಕ ಬಿಟ್ಟಿ ಅಂತ ಎಷ್ಟು ಸಲ ಕೇಳೀನಿ. ಒಂದಿನಾನೂ ಬಾಯಿ ಬಿಡ್ಲಿಲ್ಲ ನೋಡ್ರಿ."

"ಆ ಮಾತು ನನ್ನ ಬಾಯಿಂದ ಬಂದದ್ದು ರತ್ನಾ," ಎಂದು ಅವ್ವ ಕೈಮುಗಿದಳು.

"ಬಿಡ್ರಿ ಅಕ್ಕ. ಈಗೇನು ಮಾಡಾಕ ಬರ್ತೈತೆ?" ಎಂದು ರತ್ನಮ್ಮ ಅವ್ವನ ಕೈ ಹಿಡಿದು ಕೂರಿಸಿ, ಚಹಾ ಮಾಡಲು ಒಳಗೆ ಹೋದಳು. ಕ್ಷಮಿಸಿದೆ ಎನ್ನಲಿಲ್ಲ. ಅದನ್ನು ಹೇಳಬೇಕಾದವಳು ತಾನಲ್ಲ ಎಂದು ಅವಳಿಗೂ ಅನಿಸಿರಬೇಕು. ನಾವು ಚಹಾ ಕುಡಿದು, ಮಕ್ಕಳು ಮರಿಗಳ ಸುದ್ದಿ ಮಾತಾಡಿ, ಎದ್ದು ಬಂದೆವು.

ಈಗ ನಿಟ್ಟುವಳ್ಳಿಯಲ್ಲಿ ಆ ಹಿತ್ತಲುಗಳಿಲ್ಲ. ಅಲ್ಲೆಲ್ಲ ಮನೆಗೆ ಮನೆ ಅಂಟಿಕೊಂಡಿವೆ. ಹಾಗೆಂದು ಗಿಡಗಳಿಗೇನೂ ಕೊರತೆಯಾಗಿಲ್ಲ. ಹಸಿರು ಪರದೆ ಕಟ್ಟಿ, ತೆಂಗಿನ ನಾರಿನ ಪುಡಿ ತುಂಬಿ, ಹನಿ ನೀರಿನ ಪೈಪು ಬಿಟ್ಟರೆ ಕರಾವಳಿಯದೂ ಬೆಳೆಯುತ್ತದೆ, ಬೆಟ್ಟದ ಮೇಲಿನದೂ ಬೆಳೆಯುತ್ತದೆ. ಬಸಳೆಯ ಕಡ್ಡಿಯನ್ನು ಕೇಳಿದರೆ ಯಾರಾದರೂ ಮನೆಗೇ ತಂದುಕೊಡುತ್ತಾರೆ. ಮಣ್ಣಿನಲ್ಲಿ ಕಳೆದದ್ದನ್ನು ಮಣ್ಣಿನಲ್ಲೇ ಮತ್ತೆ ಪಡೆಯಬಹುದು ಎಂಬುದನ್ನು ಇಷ್ಟು ವರ್ಷದಲ್ಲಿ ಕಲಿತಿದ್ದೇನೆ. ಉಳಿದದ್ದು ಹಾಗಲ್ಲ. ಚಹಾ ಕೊಡುವಾಗ ರತ್ನಮ್ಮ ಹೇಳಿದಳು, ಹಾಲವ್ವ ಅವಳ ಮನೆಗೆ ಬಂದ ಮೇಲೆ ಹನ್ನೊಂದು ವರ್ಷ ಬದುಕಿದ್ದಳಂತೆ. ನಮ್ಮ ಮನೆಯಿಂದ ಆನೆಕೊಂಡಕ್ಕೆ ಸಿಟಿ ಬಸ್ಸಿನಲ್ಲಿ ಅರ್ಧ ಗಂಟೆ. ಆ ಹನ್ನೊಂದು ವರ್ಷಗಳಲ್ಲಿ ಯಾವ ಸಂಜೆ ಹೋಗಿದ್ದರೂ ಅವಳು ಮನೆಯಲ್ಲಿರುತ್ತಿದ್ದಳು.